ಫೋನ್ ವಾಲೆಟ್ಟು, ಪಾಸ್‌ಕೀ: ಒಂದೂವರೆ ವರ್ಷ ಬಳಸಿದ್ಮೇಲೆ ನನ್ನ ರಿವ್ಯೂ

ಎರಡು ಫೋನು, ಒಂದು ಲ್ಯಾಪ್‌ಟಾಪು, ಒಂದು ಟ್ಯಾಬ್ಲೆಟ್ಟು, ಕೈಯಲ್ಲೊಂದು ವಾಚು. ಇವುಗಳಲ್ಲಿ ಟ್ಯಾಪ್ ಮಾಡಿ ದುಡ್ಡು ಕೊಡೋ ವಾಲೆಟ್ಟು, ಪಾಸ್‌ವರ್ಡ್ ಇಲ್ದೇ ಲಾಗಿನ್ ಆಗೋ ಪಾಸ್‌ಕೀ ಎರಡನ್ನೂ ಒಂದೂವರೆ ವರ್ಷದಿಂದ ದಿನಾ ಬಳಸ್ತಾ ಇದೀನಿ. ಮೊದ್ಲೇ ಹೇಳ್ಬಿಡ್ತೀನಿ, ಎರಡನ್ನೂ ಬಿಡೋ ಯೋಚ್ನೆ ನಂಗಿಲ್ಲ. ಸರಿಯಾಗಿ ಕೆಲಸ ಮಾಡೋವಾಗ ಐದಕ್ಕೆ ಐದು ಕೊಡ್ತೀನಿ, ಆದ್ರೆ ಕೆಟ್ಟಾಗ ಅದು ತೋರ್ಸೋ ಮೆಸೇಜಿಗೆ ಐದಕ್ಕೆ ಒಂದು ಕೊಡೋದೂ ಕಷ್ಟ. "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಅಂತ ಒಂದೇ ಸಾಲು ಬಂದ್ರೆ ಜನ ಏನ್ ಮಾಡ್ಬೇಕು ಹೇಳಿ. ಅದಕ್ಕೇ ಇಲ್ಲಿ ಹೊಗಳೋದಕ್ಕಿಂತ ಎಲ್ಲೆಲ್ಲಿ ಕೈ ಕೊಡ್ತು, ಯಾಕೆ ಕೊಡ್ತು, ಹೆಂಗ್ ಸರಿ ಹೋಯ್ತು ಅನ್ನೋದನ್ನೇ ಜಾಸ್ತಿ ಬರ್ದಿದೀನಿ.

ಮೊದಲ್ನೇ ಸಲ ನಿಜವಾಗ್ಲೂ ಹೆದ್ರಿದ್ದು ಕಾರ್ಡುಗಳೆಲ್ಲ ಮಾಯ ಆದಾಗ. ಫೋನಿನ ಡಿಸ್‌ಪ್ಲೇ ಒಡೆದಿತ್ತು, ರಿಪೇರಿಗೆ ಕೊಟ್ಟೆ, ಟೆಸ್ಟ್ ಮಾಡ್ಬೇಕಾಗತ್ತೆ ಸ್ಕ್ರೀನ್ ಲಾಕ್ ತೆಗೆದು ಕೊಡಿ ಅಂದ್ರು, ತೆಗೆದು ಕೊಟ್ಟೆ. ಸಂಜೆ ಫೋನ್ ವಾಪಸ್ ತಗೊಂಡು ಲಾಕ್ ಮತ್ತೆ ಹಾಕೊಂಡೆ, ಎಲ್ಲ ಸರಿ ಇದೆ ಅಂದ್ಕೊಂಡೆ. ಮಾರನೇ ದಿನ ಕೌಂಟರ್ ಮುಂದೆ ಫೋನ್ ಹಿಡಿದ್ರೆ "ಕಾರ್ಡ್ ಸೇರಿಸಿ" ಅಂತ ಖಾಲಿ ಪರದೆ, ಹಿಂದೆ ನಾಲ್ಕು ಜನ ಸಾಲಲ್ಲಿ ಕಾಯ್ತಾ ಇದಾರೆ, ನಂಗೆ ಎದೆ ಧಸಕ್ ಅಂತು, ಯಾರೋ ಫೋನಿಂದ ಕಾರ್ಡ್ ಕದ್ದಿದಾರೆ ಅಂತ ಅಲ್ಲಿಂದ್ಲೇ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸ್ಬಿಟ್ಟೆ. ಆಮೇಲೆ ಗೊತ್ತಾಯ್ತು, ಕಳ್ಳತನ ಏನೂ ಅಲ್ಲ, ಸ್ಕ್ರೀನ್ ಲಾಕ್ ತೆಗೆದ ಕ್ಷಣಕ್ಕೇ ವಾಲೆಟ್ಟು ತನ್ನಲ್ಲಿರೋ ಕಾರ್ಡುಗಳನ್ನ ತಾನೇ ಅಳಿಸಿ ಹಾಕತ್ತೆ. ಆಪಲ್ ಪೇನಲ್ಲೂ ಹಾಗೇ, ಗೂಗಲ್ ವಾಲೆಟ್‌ನ ಟ್ಯಾಪ್ ಪೇಮೆಂಟ್‌ನಲ್ಲೂ ಹಾಗೇ. ಲಾಕ್ ಇಲ್ಲದ ಫೋನಲ್ಲಿ ಕಾರ್ಡ್ ಇದ್ರೆ ಸಿಕ್ಕಿದೋರೆಲ್ಲ ಟ್ಯಾಪ್ ಮಾಡ್ಬೋದಲ್ಲ, ಆ ಕಾರಣಕ್ಕೆ. ನಿಯಮ ಸರಿಯಾಗೇ ಇದೆ, ನಾನು ಒಪ್ತೀನಿ. ಆದ್ರೆ ಲಾಕ್ ತೆಗೆಯೋವಾಗ ಒಂದು ಸಾಲಿನ ಎಚ್ಚರಿಕೆ ಬರತ್ತಲ್ಲ, ಅದನ್ನ ಅವಸರದಲ್ಲಿ ಯಾರು ಓದ್ತಾರೆ? ರಿಪೇರಿಗೆ ಕೊಡೋವಾಗ ಲಾಕ್ ತೆಗೀಲೇಬೇಕಾದ್ರೆ ಕಾರ್ಡುಗಳು ಹೋಗತ್ವೆ, ವಾಪಸ್ ಬಂದ್ಮೇಲೆ ಒಂದೊಂದೇ ಸೇರಿಸ್ಬೇಕು ಅಂತ ಮೊದ್ಲೇ ಲೆಕ್ಕ ಇಟ್ಕೊಳಿ. ವಾಚಿಗೂ ಇದೇ ಮಾತು. ಆಪಲ್ ವಾಚಲ್ಲಿ ಪಾಸ್‌ಕೋಡ್ ಆಫ್ ಮಾಡಿದ್ರೂ ಅಷ್ಟೇ, ಅದು ಕೈ ಮೇಲಿದ್ಯಾ ಇಲ್ವಾ ಅಂತ ನೋಡೋ ಸೆಟ್ಟಿಂಗ್ ಆಫ್ ಮಾಡಿದ್ರೂ ಅಷ್ಟೇ, ಟ್ಯಾಪ್ ಮಾಡೋಕೆ ಆಗಲ್ಲ.

ಈ ಘಟನೆ ಆದ್ಮೇಲೇ ನಾನು ಒಳಗೇನಿದೆ ಅಂತ ಕೂತು ಓದಿದ್ದು. ನಂಗೆ ಅಲ್ಲೀವರ್ಗೂ ಇದ್ದ ತಪ್ಪು ಕಲ್ಪನೆ ಏನಂದ್ರೆ, ನನ್ನ ಕಾರ್ಡಿನ ನಂಬರೇ ಫೋನಲ್ಲೂ ಇದೆ, ವಾಚಲ್ಲೂ ಇದೆ, ಎಲ್ಲ ಕಡೆ ಒಂದೇ ಅಂತ. ಹಂಗಿಲ್ಲ. ಕಾರ್ಡ್ ಸೇರಿಸಿದಾಗ ಪ್ರತಿ ಡಿವೈಸಿಗೂ ಒಂದು ಬೇರೇ ನಂಬರ್ ಕೊಡ್ತಾರೆ, ಟೋಕನ್ ಅಂತಾರೆ, ನಿಜವಾದ ಕಾರ್ಡ್ ನಂಬರ್ ಅಂಗಡಿಯ ಮಷೀನಿಗೆ ಹೋಗೋದೇ ಇಲ್ಲ. ಫೋನಿಗೆ ಒಂದು, ವಾಚಿಗೆ ಇನ್ನೊಂದು, ಹಳೇ ಫೋನಿಗೆ ಮತ್ತೊಂದು, ಪ್ಲಾಸ್ಟಿಕ್ ಕಾರ್ಡಿಂದು ಅದರದ್ದೇ. ಬ್ಯಾಂಕ್ ಅಕೌಂಟ್ ಒಂದೇ ಆದ್ರೂ ಮಷೀನಿನ ಕಣ್ಣಿಗೆ ಇವು ನಾಲ್ಕು ಬೇರೆ ಬೇರೆ ಕಾರ್ಡು.

ಈ ಒಂದು ವಿಷ್ಯ ತಲೇಲಿ ಕೂತ್ರೆ ಅರ್ಧ ಗೋಳು ಅಲ್ಲೇ ಮುಗೀತು ಅನ್ಕೊಳಿ. ಒಂದು ಉದಾಹರಣೆ ಹೇಳ್ತೀನಿ. ರೈಲು ಗೇಟಲ್ಲಿ ಒಳಗೆ ಹೋಗೋವಾಗ ಫೋನ್ ಟ್ಯಾಪ್ ಮಾಡಿದ್ದೆ, ಇಳಿದ್ಮೇಲೆ ಎರಡೂ ಕೈಯಲ್ಲಿ ಬ್ಯಾಗು, ಸರಿ ಅಂತ ವಾಚ್ ಹಿಡಿದೆ, ಅದೇ ಕಾರ್ಡ್ ತಾನೇ ಅಂತ. ಗೇಟಿಗೆ ಅದು ಬೇರೇ ಕಾರ್ಡು. ಒಳಗೆ ಬಂದ ಕಾರ್ಡು ಹೊರಗೇ ಹೋಗಿಲ್ಲ, ಹೊರಗೆ ಹೋಗ್ತಿರೋ ಕಾರ್ಡು ಒಳಗೇ ಬಂದಿಲ್ಲ, ಹಂಗಾಗಿ ಎರಡು ಅರ್ಧ ಪ್ರಯಾಣಕ್ಕೆ ಎರಡು ಚಾರ್ಜ್ ಬಿತ್ತು. ಆವತ್ತಿಂದ ಯಾವುದ್ರಲ್ಲಿ ಒಳಗೆ ಹೋದ್ನೋ ಅದ್ರಲ್ಲೇ ಹೊರಗೆ ಬರ್ತೀನಿ. ರೀಫಂಡ್ ತಗೊಳೋವಾಗ್ಲೂ ಇದೇ ಕಥೆ, ಅಂಗಡೀಲಿ ಬಿಲ್ ಮೇಲಿರೋ ಕೊನೇ ನಾಲ್ಕು ಅಂಕಿ ನೋಡಿ "ಇದು ನಿಮ್ಮ ಕಾರ್ಡಲ್ಲ" ಅಂದ್ರು, ನಂಗೂ ಒಂದ್ ಕ್ಷಣ ಗಾಬ್ರಿ. ವಾಲೆಟ್ ಆ್ಯಪಲ್ಲಿ ಕಾರ್ಡ್ ಮೇಲೆ ಒತ್ತಿ ವಿವರ ತೆಗೆದ್ರೆ ಆ ಡಿವೈಸಿನ ನಂಬರಿನ ಕೊನೇ ಅಂಕಿಗಳು ಬೇರೆಯಾಗಿ ಕಾಣ್ತವೆ, ಅದನ್ನ ತೋರಿಸ್ದೆ, ಬಿಲ್ ಮೇಲಿದ್ದ ಅಂಕಿಗಳೇ, ಕೆಲ್ಸ ಆಯ್ತು. ಕೊಂಡಾಗ ಯಾವ ಡಿವೈಸು ಹಿಡಿದ್ರೋ ರೀಫಂಡಿಗೂ ಅದನ್ನೇ ಹಿಡಿರಿ.

ಇದ್ರಲ್ಲಿ ಒಳ್ಳೇದೂ ಇದೆ. ಫೋನ್ ಕಳ್ದೋದ್ರೆ ಆ ಫೋನಿನ ಟೋಕನ್ ಒಂದನ್ನೇ ನಿಲ್ಲಿಸ್ಬೋದು, ಜೇಬಲ್ಲಿರೋ ಕಾರ್ಡು ಹಂಗೇ ನಡೀತಾ ಇರತ್ತೆ. ನಾನು ಅವತ್ತು ಗಾಬ್ರೀಲಿ ಪೂರ್ತಿ ಕಾರ್ಡೇ ಬ್ಲಾಕ್ ಮಾಡ್ಸಿದ್ದು ಬೇಕಾಗೇ ಇರ್ಲಿಲ್ಲ, ಹೊಸ ಕಾರ್ಡ್ ಬರೋವರ್ಗೂ ಸುಮ್ನೆ ಒದ್ದಾಡಿದ್ದಾಯ್ತು.

ಟ್ಯಾಪ್ ಮಾಡಿದ್ರೂ ಮಷೀನು ಏನೂ ಅನ್ನಲ್ಲ ಅನ್ನೋರಿಗೆ: ಮೊದ್ಲು ಎಲ್ಲಿ ಹಿಡೀತಾ ಇದೀರಿ ನೋಡ್ಕೊಳಿ. ಎನ್‌ಎಫ್‌ಸಿ ಅನ್ನೋದು ನಾಲ್ಕು ಸೆಂಟಿಮೀಟರ್ ಆಸುಪಾಸಲ್ಲಿ ಮಾತ್ರ ಕೆಲಸ ಮಾಡೋ ರೇಡಿಯೋ, ಐಫೋನಲ್ಲಿ ಅದರ ಆಂಟೆನಾ ಮೇಲ್ತುದೀಲಿದೆ, ತುಂಬಾ ಆಂಡ್ರಾಯ್ಡ್ ಫೋನಲ್ಲಿ ಬೆನ್ನಿನ ನಡುವೆ ಅಥವಾ ಸ್ವಲ್ಪ ಮೇಲೆ. ಆಂಡ್ರಾಯ್ಡಲ್ಲಿ ಎನ್‌ಎಫ್‌ಸಿ ಆನ್ ಇದ್ಯಾ, ಯಾವ ಆ್ಯಪು ಡೀಫಾಲ್ಟ್ ಪೇಮೆಂಟ್ ಆ್ಯಪು ಅಂತ ಸೆಟ್ಟಿಂಗ್ಸಲ್ಲಿ ನೋಡಿ, ಎರಡು ವಾಲೆಟ್ ಹಾಕಿದ್ರೆ ನೀವು ಅಂದ್ಕೊಂಡಿದ್ದು ಬಿಟ್ಟು ಇನ್ನೊಂದು ಎದ್ದು ನಿಲ್ಲತ್ತೆ. ನಂಗಾಗಿದ್ದು ಇದ್ಯಾವುದೂ ಅಲ್ಲ. ಫೋನಿನ ಫ್ಲಿಪ್ ಕವರಲ್ಲಿ ಒಂದು ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಸಿಕ್ಕಿಸಿಟ್ಟಿದ್ದೆ, ಮಷೀನಿಗೆ ಒಂದೇ ಸಲಕ್ಕೆ ಎರಡು ಕಾರ್ಡ್ ಸಿಗ್ತಾ ಇತ್ತು, ಒಂದ್ಸಲ ಎರರ್, ಒಂದ್ಸಲ ಆ ಪ್ಲಾಸ್ಟಿಕ್ ಕಾರ್ಡಿಂದ ದುಡ್ಡು ಕಟ್, ಹತ್ತು ದಿನ ಫೋನಿಗೇ ಬೈಕೊಂಡು ಓಡಾಡಿದೀನಿ. ಕಾರ್ಡ್ ಆಚೆ ತೆಗೆದೆ, ಸರಿ ಹೋಯ್ತು. ಮೆಟಲ್ ಕವರ್ ಇದ್ರೂ ಒಂದ್ಸಲ ಬಿಚ್ಚಿ ನೋಡಿ.

ಇನ್ನೊಂದು, ಬೂಟ್‌ಲೋಡರ್ ಅನ್‌ಲಾಕ್ ಮಾಡಿರೋ ಇಲ್ಲಾ ರೂಟ್ ಮಾಡಿರೋ (ಅಂದ್ರೆ ಕಂಪನಿ ಹಾಕಿರೋ ಬೀಗ ತೆಗೆದು ಒಳಗಿನ ಸಾಫ್ಟ್‌ವೇರ್ ಬದಲಿಸೋ ಹಂಗೆ ಮಾಡಿರೋ) ಆಂಡ್ರಾಯ್ಡ್ ಫೋನಲ್ಲಿ ಗೂಗಲ್ ವಾಲೆಟ್ಟಿನ ಟ್ಯಾಪು ಒಪ್ಪಲ್ಲ, ಫೋನ್ ನಂಬಿಕಸ್ಥವಾ ಅಂತ ಮೊದ್ಲು ಪರೀಕ್ಷೆ ಮಾಡತ್ತೆ. ನನ್ನ ಹಳೇ ಫೋನಿಗೆ ಕಸ್ಟಮ್ ರಾಮ್, ಅಂದ್ರೆ ಕಂಪನಿಯದ್ದಲ್ಲದ ಬೇರೆ ಸಾಫ್ಟ್‌ವೇರ್, ಹಾಕಿದೀನಿ, ಅದ್ರಲ್ಲಿ ಟ್ಯಾಪ್ ಪೇಮೆಂಟ್ ಆಸೆ ಬಿಟ್ಟಿದೀನಿ. ನೆಟ್ ಇಲ್ದೇ ಇದ್ರೂ ಟ್ಯಾಪ್ ಆಗತ್ತೆ, ಅದು ನಿಜ, ಆದ್ರೆ ಆಂಡ್ರಾಯ್ಡಲ್ಲಿ ಕೆಲವು ಸಲ ಆದ್ಮೇಲೆ ನಿಂತೋಗತ್ತೆ, ಯಾಕಂದ್ರೆ ಒಳಗಿರೋ ಒಂದೊಂದು ಸಲದ ಕೀಗಳು ಖಾಲಿಯಾಗಿರ್ತವೆ, ನೆಟ್ ಆನ್ ಮಾಡಿ ಒಂದ್ಸಲ ವಾಲೆಟ್ ತೆರೆದ್ರೆ ತುಂಬ್ಕೊಳತ್ತೆ. ಒಂದೇ ಖರೀದಿಗೆ ಎರಡು ಸಲ ದುಡ್ಡು ಕಾಣಿಸ್ತಾ ಇದ್ರೆ ಎರಡ್ನೇದು ಪೆಂಡಿಂಗ್ ಅಂತ ಇದ್ಯಾ ನೋಡಿ, ತುಂಬಾ ಸಲ ಅದು ಹಿಡಿದಿಟ್ಟಿರೋ ಮೊತ್ತ ಅಷ್ಟೇ, ತಾನಾಗೇ ಬಿಡುಗಡೆ ಆಗತ್ತೆ, ಪೋಸ್ಟ್ ಆಗಿದ್ರೆ, ಅಂದ್ರೆ ದುಡ್ಡು ನಿಜವಾಗ್ಲೂ ಕಟ್ ಆಗಿದ್ರೆ, ಮಾತ್ರ ಬ್ಯಾಂಕಿಗೆ ಹೇಳ್ಬೇಕು.

ಈಗ ಪಾಸ್‌ಕೀ ವಿಚಾರ. ಇದು ನಂಗೆ ತುಂಬಾ ಇಷ್ಟ ಆದ ವಸ್ತು, ಅದಕ್ಕೇ ಇದರ ತೊಂದ್ರೆ ಬಗ್ಗೆ ಜಾಸ್ತಿ ಬೇಜಾರು. ಇದು ರಾತ್ರೋರಾತ್ರಿ ಹುಟ್ಟಿದ್ದಲ್ಲ, ಇದರ ಹಿಂದಿರೋ ವೆಬ್‌ಆಥೆನ್ ಅನ್ನೋ ಸ್ಟ್ಯಾಂಡರ್ಡು 2019ರಲ್ಲೇ ಆಗಿತ್ತು, 2022ರ ಮೇನಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂವರೂ ಒಟ್ಟಿಗೆ ಬೆಂಬಲ ಕೊಡ್ತೀವಿ ಅಂದ್ರು, ಅದೇ ವರ್ಷ ಐಫೋನಿನ ಐಓಎಸ್ 16ರಲ್ಲಿ ಬಂತು, 2023ರಲ್ಲಿ ಗೂಗಲ್ ಅಕೌಂಟಿಗೇ ಬಂತು. ಕೆಲಸ ಮಾಡೋ ರೀತಿ ಸರಳ. ಎರಡು ಕೀಗಳ ಜೋಡಿ, ಒಂದು ಸೈಟಿನ ಹತ್ರ, ಇನ್ನೊಂದು ಗುಟ್ಟಿನ ಕೀ ನಿಮ್ಮ ಹತ್ರ. ಸೈಟು ಒಂದು ಸವಾಲು ಕಳಿಸತ್ತೆ, ನಿಮ್ಮ ಕಡೆಯ ಕೀ ಅದಕ್ಕೆ ಸಹಿ ಹಾಕತ್ತೆ, ಸೈಟು ತನ್ನ ಕೀಯಿಂದ ಸಹಿ ಸರಿಯಾ ಅಂತ ನೋಡತ್ತೆ. ಗುಟ್ಟಿನ ಕೀ ಸೈಟಿಗೆ ಹೋಗೋದೇ ಇಲ್ಲ. ಬೆರಳಚ್ಚಾಗ್ಲಿ ಮುಖವಾಗ್ಲಿ ಆಚೆ ಹೋಗಲ್ಲ, ಅದು ಬರೀ ಆ ಕೀ ಇರೋ ಪೆಟ್ಟಿಗೆ ತೆಗೆಯೋಕೆ. ಕೀ ಆ ಸೈಟಿನ ವಿಳಾಸಕ್ಕೇ ಕಟ್ಟಿರೋದ್ರಿಂದ ನಕಲಿ ಸೈಟಲ್ಲಿ ಕೆಲಸಾನೇ ಮಾಡಲ್ಲ. ಒಂದು ಅಕ್ಷರ ಬದಲಿಸಿ ಅಸಲಿ ಥರಾನೇ ಕಾಣೋ ಲಿಂಕು ನಂಗೊಂದ್ಸಲ ಬಂದಿತ್ತು, ನಾನು ನಂಬೇ ಬಿಟ್ಟಿದ್ದೆ, ಪಾಸ್‌ಕೀ ಕೇಳೋ ಕಿಟಕಿ ಬರ್ಲೇ ಇಲ್ಲ, ಆಗ ವಿಳಾಸ ನೋಡ್ದೆ. ಆ ಒಂದು ಸಂಜೆಗೇ ಇದರ ಋಣ ನನ್ನ ಮೇಲಿದೆ.

ತೊಂದ್ರೆ ಶುರುವಾಗೋದು ಕೀ ಎಲ್ಲಿದೆ ಅನ್ನೋದ್ರಿಂದ. ಪಾಸ್‌ಕೀ ಮಾಡೋವಾಗ ಒಂದು ಪುಟ್ಟ ಕಿಟಕಿ ಬರತ್ತೆ, "ಸೇವ್" ಅಂತ ಇರತ್ತೆ, ಎಲ್ಲಿಗೆ ಸೇವ್ ಅಂತ ಸಣ್ಣ ಅಕ್ಷರದಲ್ಲಿರತ್ತೆ. ನಾನು ಕಣ್ಣು ಮುಚ್ಚಿ ಒತ್ತಿ ಒತ್ತಿ ಆರು ತಿಂಗ್ಳಲ್ಲಿ ನನ್ನ ಕೀಗಳು ಆಪಲಿನ ಐಕ್ಲೌಡ್ ಕೀಚೈನಲ್ಲಿ ಕೆಲವು, ಗೂಗಲ್ ಪಾಸ್‌ವರ್ಡ್ ಮ್ಯಾನೇಜರಲ್ಲಿ ಕೆಲವು, ಲ್ಯಾಪ್‌ಟಾಪಿನ ವಿಂಡೋಸ್ ಹಲೋದಲ್ಲಿ (ಪಿನ್ ಇಲ್ಲಾ ಬೆರಳಿಂದ ಲ್ಯಾಪ್‌ಟಾಪ್ ತೆಗೆಯೋ ವ್ಯವಸ್ಥೆ) ಕೆಲವು ಅಂತ ಹರಡ್ಕೊಂಡಿದ್ವು. ಮೊದಲ್ನೇದು ಆಪಲ್ ಡಿವೈಸುಗಳ ಮಧ್ಯೆ ತಾನೇ ಓಡಾಡತ್ತೆ, ಎರಡ್ನೇದು ಗೂಗಲ್ ಅಕೌಂಟ್ ಇರೋ ಕಡೆ ಓಡಾಡತ್ತೆ, ಮೂರ್ನೇದು ನನ್ನ ಲ್ಯಾಪ್‌ಟಾಪಲ್ಲಿ ಆ ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗ್ತಿರ್ಲಿಲ್ಲ. ಲ್ಯಾಪ್‌ಟಾಪ್ ನಿಧಾನ ಆಯ್ತು ಅಂತ ಪೂರ್ತಿ ರೀಸೆಟ್ ಹೊಡೆದೆ, ಆ ಮೂರ್ನೇ ಗುಂಪಿನ ಕೀಗಳು ಅಲ್ಲಿಗೆ ಮುಗೀತು. ಸೈಟಲ್ಲಿ ನೋಡಿದ್ರೆ "ನಿಮ್ಮ ಪಾಸ್‌ಕೀ ಇದೆ" ಅಂತ ಹಸಿರು ಟಿಕ್ಕು, ಇಲ್ಲಿ ನೋಡಿದ್ರೆ ಕೀ ಇಲ್ಲ. ಬೀಗ ಅಲ್ಲೇ ಇದೆ, ಬೀಗದ ಕೈ ಹೋಯ್ತು.

ಇದರ ಉಲ್ಟಾನೂ ಆಗತ್ತೆ. ಫೋನಿಂದ ಪಾಸ್‌ಕೀ ಡಿಲೀಟ್ ಮಾಡಿದ್ರೆ ಸೈಟಲ್ಲಿ ಅದು ಹಂಗೇ ಕೂತಿರತ್ತೆ, ಸೈಟಲ್ಲಿ ಡಿಲೀಟ್ ಮಾಡಿದ್ರೆ ಎಷ್ಟೋ ಸಲ ಫೋನು ಅದೇ ಸತ್ತ ಕೀನ ಪ್ರೀತಿಯಿಂದ ತೋರಿಸ್ತಾ ಇರತ್ತೆ, ನೀವು ಬೆರಳಿಡ್ತೀರ, ಫೋನು ಸರಿ ಅನ್ನತ್ತೆ, ಸೈಟು ಗೊತ್ತಿಲ್ಲ ಅನ್ನತ್ತೆ. ಬೆರಳು ಒಪ್ಕೊಂಡು ಆಮೇಲೆ ಫೇಲ್ ಆಗ್ತಾ ಇದ್ರೆ ಬೆರಳಿಂದು ತಪ್ಪಲ್ಲ, ಇದೊಂದನ್ನ ನೋಡಿ. ಎರಡೂ ಕಡೆ ಅಳಿಸಿ ಹೊಸದು ಮಾಡ್ಕೊಂಡ್ರೆ ಎರಡು ನಿಮಿಷದ ಕೆಲ್ಸ, ಆದ್ರೆ ಬೇರೆ ದಾರಿಯಿಂದ ಒಮ್ಮೆ ಲಾಗಿನ್ ಆಗಿ, ಹೊಸದು ಕೆಲಸ ಮಾಡ್ತು ಅಂತ ಕಣ್ಣಾರೆ ನೋಡಿದ್ಮೇಲೇ ಹಳೇದನ್ನ ಅಳಿಸಿ. ನಾನೀಗ ಹೆಸರೂ ಕೊಡ್ತೀನಿ, ಸೈಟಿನ ಸೆಕ್ಯೂರಿಟಿ ಪುಟದಲ್ಲಿ "ಫೋನ್ ನೀಲಿ", "ಲ್ಯಾಪ್‌ಟಾಪ್ ಹಳೇದು" ಅಂತ, ಇಲ್ಲಾಂದ್ರೆ ಮೂರು ಪಾಸ್‌ಕೀ ಒಂದೇ ಹೆಸರಲ್ಲಿ ಕೂತಿರ್ತವೆ, ಯಾವುದು ಯಾವುದು ಅಂತ ದೇವರಿಗೇ ಗೊತ್ತು.

ಇನ್ನು ಕ್ಯೂಆರ್ ಕೋಡ್ ಕಥೆ. ಕೀ ಫೋನಲ್ಲಿದೆ, ಲಾಗಿನ್ ಆಗ್ಬೇಕಿರೋದು ಲ್ಯಾಪ್‌ಟಾಪಲ್ಲಿ, ಆಗ "ಬೇರೆ ಡಿವೈಸ್ ಬಳಸಿ" ಅಂತ ಒತ್ತಿದ್ರೆ ಪರದೆ ಮೇಲೆ ಕ್ಯೂಆರ್ ಬರತ್ತೆ, ಫೋನಿನ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ ಬೆರಳಿಟ್ರೆ ಆಯ್ತು. ನಂಗೆ ಸ್ಕ್ಯಾನ್ ಆಗ್ತಾ ಇತ್ತು, ಆಮೇಲೆ "ಕನೆಕ್ಟ್ ಆಗ್ತಿದೆ" ಅಂತ ಸುತ್ತುತಾ ಸುತ್ತುತಾ ಕೊನೆಗೆ ಸುಮ್ನಾಗೋದು. ವೈಫೈ ಬದಲಾಯಿಸ್ದೆ, ಬ್ರೌಸರ್ ಬದಲಾಯಿಸ್ದೆ, ಫೋನ್ ರೀಸ್ಟಾರ್ಟ್ ಮಾಡ್ದೆ, ಒಂದು ಗಂಟೆ ಹೋಯ್ತು. ಕಾರಣ ಲ್ಯಾಪ್‌ಟಾಪಲ್ಲಿ ಬ್ಲೂಟೂತ್ ಆಫ್ ಇತ್ತು, ಬ್ಯಾಟರಿ ಉಳಿಸೋಕೆ ನಾನೇ ಯಾವಾಗ್ಲೋ ಆಫ್ ಮಾಡಿದ್ದೆ. ಪರದೆ ಮೇಲೆ ಬ್ಲೂಟೂತ್ ಅನ್ನೋ ಪದಾನೇ ಇರ್ಲಿಲ್ಲ, ಅದು ನಂಗೆ ಈಗ್ಲೂ ಸಿಟ್ಟು.

ಬ್ಲೂಟೂತ್ ಯಾಕೆ ಬೇಕು ಅಂದ್ರೆ ಫೋನು ನಿಜವಾಗ್ಲೂ ಲ್ಯಾಪ್‌ಟಾಪಿನ ಪಕ್ಕದಲ್ಲಿದೆ ಅಂತ ಖಾತ್ರಿ ಮಾಡ್ಕೊಳೋಕೆ. ಇಲ್ಲಾಂದ್ರೆ ದೂರದಲ್ಲೆಲ್ಲೋ ಕೂತಿರೋ ಕಳ್ಳ ತನ್ನ ಪರದೆಯ ಕ್ಯೂಆರ್ ನಿಮಗೆ ಕಳ್ಸಿ ಸ್ಕ್ಯಾನ್ ಮಾಡಿಸಿ ನಿಮ್ಮ ಅಕೌಂಟಿಗೆ ನುಗ್ತಿದ್ದ. ಪೇರ್ ಮಾಡೋದು ಬೇಡ, ಎರಡೂ ಕಡೆ ಆನ್ ಇದ್ರೆ ಸಾಕು, ಜೊತೆಗೆ ಎರಡರಲ್ಲೂ ಇಂಟರ್ನೆಟ್ ಬೇಕು, ಯಾಕಂದ್ರೆ ಉಳಿದ ಮಾತುಕತೆ ನೆಟ್ ಮೂಲಕಾನೇ ನಡೆಯೋದು. ಹಂಗಾಗಿ ವಿಪಿಎನ್ (ನೆಟ್ಟನ್ನ ಬೇರೆ ದಾರೀಲಿ ಕಳ್ಸೋ ಆ್ಯಪು) ಅಥವಾ ಬಿಗಿಯಾದ ಆಫೀಸ್ ನೆಟ್‌ವರ್ಕ್ ಆ ದಾರಿ ಮುಚ್ಚಿದ್ರೂ ಇದೇ ಥರ ಸುತ್ತತ್ತೆ. ಬ್ಲೂಟೂತೇ ಇಲ್ಲದ ಡೆಸ್ಕ್‌ಟಾಪಲ್ಲಿ ಈ ದಾರಿ ಇಲ್ವೇ ಇಲ್ಲ, ಅಲ್ಲಿಗೆ ಯುಎಸ್‌ಬಿ ಸೆಕ್ಯೂರಿಟಿ ಕೀ, ಅಂದ್ರೆ ಪಾಸ್‌ಕೀ ಇಟ್ಕೊಳೋ ಪುಟ್ಟ ಪೆನ್‌ಡ್ರೈವ್ ಥರದ್ದು, ಒಳ್ಳೇದು. ನಾನು ಯೂಬಿಕೀ ಅನ್ನೋ ಅಂಥದ್ದೊಂದು ಇಟ್ಕೊಂಡಿದೀನಿ, ಅದಕ್ಕೊಂದು ಪಿನ್ ಇರತ್ತೆ, ಎಂಟು ಸಲ ತಪ್ಪು ಹೊಡೆದ್ರೆ ಲಾಕ್ ಆಗತ್ತೆ, ಆಮೇಲೆ ರೀಸೆಟ್ ಮಾಡಿದ್ರೆ ಒಳಗಿನ ಪಾಸ್‌ಕೀ ಎಲ್ಲ ಹೋಗತ್ತೆ, ಅದಕ್ಕೇ ಸುಮ್ನೆ ಊಹೆ ಮಾಡಿ ಒತ್ತೋಕೆ ಹೋಗ್ಬೇಡಿ. ಹಳೇ ಯೂಬಿಕೀ 5ರಲ್ಲಿ 25 ಪಾಸ್‌ಕೀ ಹಿಡೀತಿತ್ತು, 5.7 ಫರ್ಮ್‌ವೇರಿಂದ (ಕೀ ಒಳಗಿನ ಸಾಫ್ಟ್‌ವೇರು) 100 ಆಗಿದೆ, ಕೊಳ್ಳೋರು ಅದನ್ನ ನೋಡ್ಕೊಂಡು ಕೊಳ್ಳಿ.

ಮನೇಲಿ ಹಂಚ್ಕೊಂಡು ಬಳಸೋ ಟ್ಯಾಬ್ಲೆಟ್ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ, ಅದನ್ನ ಒತ್ತಿ ಹೇಳ್ಬೇಕು. ನಮ್ಮನೆ ಟ್ಯಾಬ್ಲೆಟ್ಟಿನ ಪಿನ್ ಎಲ್ಲರಿಗೂ ಗೊತ್ತು, ಅಮ್ಮನ ಬೆರಳೂ ತಂಗಿ ಬೆರಳೂ ಅದ್ರಲ್ಲಿದೆ. ಪಾಸ್‌ಕೀಗೆ "ಇದು ಯಾರ ಬೆರಳು" ಅನ್ನೋದು ಗೊತ್ತಿಲ್ಲ, ಡಿವೈಸ್ ತೆಗೆಯೋಕೆ ಆಗೋ ಯಾವುದೇ ಬೆರಳಾದ್ರೂ, ಇಲ್ಲಾ ಬರೀ ಪಿನ್ ಆದ್ರೂ ನಡೆಯತ್ತೆ. ಅಂದ್ರೆ ಅದ್ರಲ್ಲಿ ನನ್ನ ಈಮೇಲಿನ ಪಾಸ್‌ಕೀ ಇದ್ರೆ ಮನೆಯವರೆಲ್ಲ ನನ್ನ ಈಮೇಲಿಗೆ ಹೋಗ್ಬೋದು. ನಮ್ಮನೆಯವರ ಮೇಲೆ ಅನುಮಾನ ಅಲ್ಲ, ಆದ್ರೆ ಆ ಟ್ಯಾಬ್ಲೆಟ್ ಮಕ್ಕಳ ಕೈಗೆ, ನೆಂಟರ ಕೈಗೆಲ್ಲ ಹೋಗತ್ತೆ. ಅದ್ರಿಂದ ನನ್ನ ಅಕೌಂಟ್ ತೆಗೆದು, ಬೇಕಾದಾಗ ಕ್ಯೂಆರ್ ಮೂಲಕ ಬರ್ತೀನಿ, ಕೀ ಫೋನಲ್ಲೇ ಉಳಿಯತ್ತೆ.

ಅಮ್ಮನಿಗೆ ಸೆಟಪ್ ಮಾಡಿಕೊಟ್ಟಾಗ ಇನ್ನೊಂದು ಕಲ್ತೆ. ಅವರ ಬೆರಳಿನ ಗೆರೆ ಸವೆದಿದೆ, ಹತ್ತರಲ್ಲಿ ಆರು ಸಲ ಸೆನ್ಸರ್ ಒಪ್ಪಲ್ಲ, ಅವರಿಗೆ ತಾನೇನೋ ತಪ್ಪು ಮಾಡ್ತಿದೀನಿ ಅನ್ನೋ ಸಂಕೋಚ. ಒಂದೇ ಹೆಬ್ಬೆರಳನ್ನ ಎರಡು ಸಲ, ಬೇರೆ ಬೇರೆ ಓರೆಯಲ್ಲಿ ನೋಂದಾಯಿಸ್ದೆ, ಪಿನ್ ಹೊಡೆದ್ರೂ ಅಷ್ಟೇ ಸುರಕ್ಷಿತ ಅಂತ ಕೂತು ತೋರ್ಸ್ದೆ. ಈಗ ಅವರು ಬೆರಳಿಗೆ ಕಾಯೋದೇ ಇಲ್ಲ, ಸೀದಾ ಪಿನ್ ಹಾಕ್ತಾರೆ, ಪಾಸ್‌ವರ್ಡ್ ಮರ್ತೋಯ್ತು ಅಂತ ನಂಗೆ ವಾರಕ್ಕೊಂದ್ಸಲ ಬರ್ತಿದ್ದ ಫೋನು ನಿಂತೋಯ್ತು.

ಫೋನ್ ಬದಲಾಯಿಸೋವಾಗ ಏನ್ ಮಾಡ್ತೀನಿ ಅಂತ ಹೇಳಿ ಮುಗಿಸ್ತೀನಿ, ಯಾಕಂದ್ರೆ ಜನ ಸಿಕ್ಕಿಬೀಳೋದು ಅಲ್ಲೇ. ಹಳೇ ಫೋನನ್ನ ಒಂದು ವಾರ ಅಳಿಸಲ್ಲ. ಹೊಸದ್ರಲ್ಲಿ ಕೀಗಳು ಬಂದ್ವಾ ಅಂತ ನೋಡೋಕೆ ಹಳೇ ಫೋನಿನ ಸ್ಕ್ರೀನ್ ಲಾಕ್ ಕೇಳತ್ತೆ, ಗೂಗಲ್ ಆದ್ರೆ ಪಾಸ್‌ವರ್ಡ್ ಮ್ಯಾನೇಜರಿನ ಪಿನ್ನೂ ಕೇಳ್ಬೋದು, ಅದು ನೆನಪಿಲ್ದೇ ಹಳೇ ಫೋನ್ ಮಾರಿಬಿಟ್ರೆ ಕಷ್ಟ. ಕಾರ್ಡುಗಳು ತಾವಾಗೇ ಬರ್ತವೆ ಅಂತ ನಂಬಲ್ಲ, ಹೊಸ ಡಿವೈಸಿಗೆ ಹೊಸ ಟೋಕನ್ ಬೇಕು, ಬ್ಯಾಂಕು ಮತ್ತೆ ಓಟಿಪಿ ಕೇಳತ್ತೆ, ಆ ಓಟಿಪಿ ಬರೋ ಸಿಮ್ಮು ಯಾವ ಫೋನಲ್ಲಿದೆ ಅಂತ ನೋಡ್ಕೊಂಡೇ ಶುರು ಮಾಡ್ತೀನಿ. ಈಮೇಲ್ ಒಂದಕ್ಕೆ ಮಾತ್ರ ಎರಡು ಬೇರೆ ಕಡೆ ಕೀ ಇಟ್ಟಿದೀನಿ, ಒಂದು ಫೋನಲ್ಲಿ ಒಂದು ಯೂಬಿಕೀಲಿ, ಅದರ ರಿಕವರಿ ಕೋಡುಗಳನ್ನ, ಅಂದ್ರೆ ಕೀ ಹೋದ್ರೂ ಲಾಗಿನ್ ಆಗೋಕಿರೋ ಕೋಡುಗಳನ್ನ, ಕಾಗದದ ಮೇಲೆ ಬರೆದು ಬೀರುವಲ್ಲಿ, ಮನೆ ಪತ್ರಗಳ ಜೊತೆ ಇಟ್ಟಿದೀನಿ. ಮೊನ್ನೆ ಫೋನ್ ಬದಲಾಯಿಸಿದಾಗ ಎಲ್ಲ ಸೇರಿ ನಲವತ್ತು ನಿಮಿಷ ಆಯ್ತು, ಕಾಗದ ತೆಗೆಯೋ ಪ್ರಮೇಯ ಬರ್ಲಿಲ್ಲ, ಹಳೇ ಫೋನು ಇನ್ನೂ ಮೇಜಿನ ಡ್ರಾಯರಲ್ಲೇ ಇದೆ, ಬರೋ ಭಾನುವಾರ ಅಳಿಸ್ತೀನಿ.